ಅಲ್ಮಾಟಿಯಲ್ಲಿ ಅವ್ವ ಉಣ್ಣದೆ ಕೂತ ದಿನ

ಹೊರಡುವ ಮುಂಚೆ

ಅಲ್ಮಾಟಿ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಹೋಗಿ ಬಂದ ಮೇಲೂ ನನಗದು ಸರಿಯಾಗಿ ಗೊತ್ತಿಲ್ಲ. ಕಜಕಸ್ತಾನ ಎಂಬ ದೇಶದ ಊರು, ದಿಲ್ಲಿಯಲ್ಲಿ ವಿಮಾನ ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಇಳಿಸುತ್ತಾರೆ, ಚಳಿಗಾಲದಲ್ಲಿ ಊರಿಗೆ ಊರೇ ಬೆಳ್ಳಗಿರುತ್ತದೆ. ನಾನು ಹೇಳಬಲ್ಲದ್ದು ಇಷ್ಟೆ. ಅಲ್ಲಿ ಏನು ನೋಡಬೇಕು, ಎಲ್ಲಿ ಉಳಿಯಬೇಕು ಎಂಬುದನ್ನೆಲ್ಲ ತಿಳಿದವರು ಬರೆದಿದ್ದಾರೆ, ಓದಿಕೊಳ್ಳಿ. ನನ್ನದು ಒಂದೇ ದಿನದ ಮಾತು, ಆ ಊರಿಗೆ ಕಾಲಿಟ್ಟ ಮೊದಲ ದಿನದ್ದು.

ಗುಂಡ್ಲುಪೇಟೆಯಲ್ಲಿ ನನ್ನದು ಪಂಪ್‌ಸೆಟ್ಟು, ಪೈಪಿನ ಅಂಗಡಿ. ಹೇಳಿದಷ್ಟು ಮೋಟಾರು ಮಾರಿದ ಡೀಲರುಗಳಿಗೆ ಕಂಪನಿಯವರು ಜೋಡಿ ಟಿಕೆಟ್ಟಿನ ಪ್ರವಾಸ ಕೊಡುತ್ತಾರೆ. ಜನ ಯಾರೂ ಹೋಗದ ಕಾಲ ನೋಡಿಯೇ ಕಳಿಸುತ್ತಾರೆ, ಅದು ಅವರ ಜಾಣತನ. ನನ್ನ ಹೆಂಡತಿಗೆ ಉಬ್ಬಸ. ಚಳಿ ಎಂದ ಕೂಡಲೇ "ನೀವುಂಟು, ನಿಮ್ಮ ಕಂಪನಿಯುಂಟು" ಎಂದುಬಿಟ್ಟಳು. ಇನ್ನೊಂದು ಟಿಕೆಟ್ಟು ಯಾರಿಗೆ ಎಂದು ನಾನು ಲೆಕ್ಕ ಹಾಕುತ್ತಿದ್ದಾಗ, ಹಜಾರದ ಮೂಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ಅವ್ವ ತಲೆ ಎತ್ತಿದಳು.

"ಅಲ್ಲಿ ಐಸು ಬೀಳ್ತದೇನ್ಲಾ?"

"ಬೀಳ್ತದೆ ಕಣವ್ವ. ನೆಲನೇ ಕಾಣಕಿಲ್ವಂತೆ."

"ಕೈಲಾಸದಲ್ಲಿ ಬಿದ್ದಿರ್ತದಲ್ಲ, ಅಂಗಾ?"

"ಅಂಗೇ ಅನ್ಕೊ."

"ಅಂಗಾರೆ ನಾನ್ ಬತ್ತೀನಿ."

ಅವ್ವನಿಗೆ ಎಪ್ಪತ್ತು ದಾಟಿದೆ. ಹುಟ್ಟಿದ್ದು ಭೀಮನಬೀಡು, ಸೇರಿದ್ದು ತೆರಕಣಾಂಬಿ. ಅವಳು ಕಂಡ ಹಿಮವೆಂದರೆ ಗೋಪಾಲಸ್ವಾಮಿ ಬೆಟ್ಟದ ಮೇಲೆ ಬೆಳಗ್ಗೆ ಕವಿಯುವ ಮಂಜು, ಅದನ್ನು ಬಿಟ್ಟರೆ ಕ್ಯಾಲೆಂಡರಿನ ಶಿವನ ಹಿಂದೆ ಬರೆದಿರುವ ಬಿಳಿ ಬೆಟ್ಟ. ಕೈಲಾಸ ಯಾತ್ರೆಗೆ ಹೋಗುತ್ತೇನೆಂದು ಬಹಳ ವರ್ಷ ಹಟ ಹಿಡಿದಿದ್ದಳು. ಮಂಡಿ ಬಿಡಲಿಲ್ಲ, ಡಾಕ್ಟರೂ ಬಿಡಲಿಲ್ಲ. ಸಾಯುವುದರೊಳಗೆ ಒಂದು ಸಲ ಅದನ್ನು ಕೈಯಲ್ಲಿ ಮುಟ್ಟಬೇಕು ಎಂಬುದು ಅವಳ ಆಸೆ. ಎಲ್ಲಿ ಬಿದ್ದರೂ ಹಿಮ ಹಿಮವೇ ತಾನೇ ಎಂದು ನಾನೂ ಹುಮ್ಮಸ್ಸಿನಿಂದ ಪಾಸ್‌ಪೋರ್ಟು ಮಾಡಿಸಿದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾವು ಲಿಂಗ ಕಟ್ಟುವ ಜನ. ನನ್ನಂಥವರ ಲಿಂಗ ದೇವರ ಗೂಡಿನಲ್ಲಿರುತ್ತದೆ, ಹಬ್ಬ ಬಂದಾಗ ಕತ್ತಿಗೆ ಬರುತ್ತದೆ. ಅವ್ವನದು ಹಾಗಲ್ಲ. ಅವಳು ಕೈಗೂಸಾಗಿದ್ದಾಗ ಮಠದ ಅಯ್ಯನವರು ಕಟ್ಟಿದ ಲಿಂಗ ಅದು. ಪುಟ್ಟ ಬೆಳ್ಳಿ ಕರಡಿಗೆಯೊಳಗೆ, ದಾರದಲ್ಲಿ, ಸದಾ ಎದೆಯ ಮೇಲೆ. ದಿನಾ ಬೆಳಗ್ಗೆ ಸ್ನಾನ ಮಾಡಿ, ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ವಿಭೂತಿ ಹಚ್ಚಿ ಪೂಜೆ ಮಾಡುತ್ತಾಳೆ. ಅದು ಮುಗಿಯುವ ತನಕ ಒಂದು ತೊಟ್ಟು ನೀರೂ ಗಂಟಲಿಗೆ ಇಳಿಯುವುದಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೂ ಇದು ಬದಲಾಗಲಿಲ್ಲ. ಡಾಕ್ಟರು ಬೈದರು, ನಾನು ಬೈದೆ, ಏನೂ ಪ್ರಯೋಜನವಾಗಲಿಲ್ಲ.

ದಿಲ್ಲಿಯ ಟ್ರೇ

ದಿಲ್ಲಿಯ ವಿಮಾನ ನಿಲ್ದಾಣದಲ್ಲಿ ಎಲ್ಲರನ್ನೂ ಒಂದು ಬಾಗಿಲಿನೊಳಗೆ ತೂರಿಸಿ ಕಳಿಸುತ್ತಾರಲ್ಲ, ಅಲ್ಲಿ ಅವ್ವ ಕಾಲಿಟ್ಟ ಕೂಡಲೇ ಅದು ಕೂಗಿಕೊಂಡಿತು. ಬೆಂಗಳೂರಿನಲ್ಲಿ ತಪಾಸಣೆಯ ಹೆಂಗಸು ಕರಡಿಗೆ ನೋಡಿ ಕೈಮುಗಿದು ಬಿಟ್ಟಿದ್ದಳು. ಇಲ್ಲಿಯವಳಿಗೆ ಅದೇನೆಂದು ತಿಳಿಯಲಿಲ್ಲ. ಬಿಚ್ಚಿ ಟ್ರೇಯಲ್ಲಿ ಇಡಿ ಎಂದು ಸಮಾಧಾನವಾಗಿಯೇ ಸನ್ನೆ ಮಾಡಿದಳು. ಹಿಂದೆ ಸಾಲು ಬೆಳೆದಿತ್ತು. ಅವ್ವ ನನ್ನ ಮುಖ ನೋಡಿದಳು.

"ಇಡವ್ವ, ಆ ಕಡೆಯಿಂದ ಬಂದ್ಬುಡ್ತದೆ" ಎಂದೆ.

ಬಂದೇಬಿಟ್ಟಿತು. ಆದರೆ ಯಾವನೋ ತನ್ನ ಬೂಟನ್ನೂ ಅದೇ ಟ್ರೇಗೆ ಹಾಕಿದ್ದ. ಮಣ್ಣು ಮೆತ್ತಿದ ಬೂಟಿಗೆ ಒರಗಿಕೊಂಡು ಅವ್ವನ ಕರಡಿಗೆ ರಬ್ಬರ್ ಪಟ್ಟಿಯ ಮೇಲೆ ಮೆರವಣಿಗೆ ಬಂತು. ಅವ್ವ ಅದನ್ನು ಎತ್ತಿಕೊಂಡಳು, ಸೆರಗಿನಲ್ಲಿ ಒರೆಸಿದಳು, ಕತ್ತಿಗೆ ಮಾತ್ರ ಹಾಕಿಕೊಳ್ಳಲಿಲ್ಲ. ಚೀಲದಿಂದ ಒಗೆದ ಬಟ್ಟೆಯ ತುಂಡೊಂದನ್ನು ತೆಗೆದು ಅದರಲ್ಲಿ ಸುತ್ತಿದಳು.

"ಕಟ್ಕಳವ್ವ."

"ಕಾಲ್ಮೆಟ್ಟಿನ ಜೊತೇಲಿ ಬಂದದೆ. ಮೀದು, ಇದ್ನೂ ತೊಳ್ದು, ಆಮೇಕೆ ಕಟ್ಕತೀನಿ."

"ಲಿಂಗಕ್ಕೆ ಮೈಲಿಗೆ ಇಲ್ಲ ಅಂತ ಸ್ವಾಮಿಗಳೇ ಹೇಳ್ತಾರೆ."

"ಏಳ್ತಾರೆ. ಕಟ್ಕಳೋಳು ನಾನು."

ಗಂಟನ್ನು ಮುಷ್ಟಿಯಲ್ಲಿ ಹಿಡಿದೇ ವಿಮಾನ ಹತ್ತಿದಳು. ಗಗನಸಖಿ ತಟ್ಟೆ ತಂದಳು, ನೀರು ತಂದಳು, ಅವ್ವ ಎರಡಕ್ಕೂ ಬೇಡವೆಂದು ತಲೆಯಾಡಿಸಿದಳು. ಬೆಳಗ್ಗೆ ಹೋಟೆಲು ಸೇರಿದ ಕೂಡಲೇ ಬಿಸಿನೀರು, ಪೂಜೆ, ಆಮೇಲೆ ತಿಂಡಿ ಎಂದು ಸಮಾಧಾನ ಹೇಳಿ ನಾನು ಗಡದ್ದಾಗಿ ನಿದ್ದೆ ಮಾಡಿದೆ.

ಬೀಗ ಹಾಕಿದ ಕೋಣೆಗಳು

ಅಲ್ಮಾಟಿಯ ಚಳಿಯನ್ನು ಚಳಿ ಎಂದು ಕರೆಯುವುದು ತಪ್ಪು. ನಮ್ಮ ಕಡೆ ಧನುರ್ಮಾಸದಲ್ಲಿ ಬೆಂಕಿ ಕಾಯಿಸುತ್ತ ಕೂರುವುದು ಒಂದು ಸುಖ. ಇದು ಸುಖದ ಪೈಕಿ ಅಲ್ಲ. ಮೂಗಿನೊಳಗಿನ ಕೂದಲು ಗಟ್ಟಿಯಾಗಿ ಚುಚ್ಚುತ್ತದೆ, ಮಾತಾಡಲು ಬಾಯಿ ತೆರೆದರೆ ಹಲ್ಲು ನೋಯುತ್ತದೆ. ನಮ್ಮ ತಂಡದ ಜವಾಬ್ದಾರಿ ಹೊತ್ತಿದ್ದ ದಿಲ್ಲಿಯ ಹುಡುಗ ಸಂದೀಪ ವಿಮಾನ ನಿಲ್ದಾಣದ ಬಾಗಿಲಲ್ಲೇ ನಿಂತು ಎಲ್ಲರಿಗೂ ಬಾಡಿಗೆ ಕೋಟು ಹಂಚಿದ. ಎಲ್ಲವೂ ಕರಿಯವು, ಹತ್ತಿ ತುಂಬಿದ ಹಾಸಿಗೆಯ ಹಾಗೆ ಉಬ್ಬಿದವು. ಅವ್ವನದು ಅವಳಿಗಿಂತ ಎರಡು ಪಟ್ಟು ದೊಡ್ಡದು. ಸೀರೆಯ ಮೇಲೆ ಅದನ್ನು ಹಾಕಿಕೊಂಡು ನಿಂತಾಗ ಚಾಮರಾಜನಗರದ ಡೀಲರು ಮಾದೇಶ ನಕ್ಕುಬಿಟ್ಟ.

"ದೊಡ್ಡವ್ವ, ಬಂಡೀಪುರದ ಕರಡಿ ಕಂಡಂಗೆ ಕಾಣ್ತೀರ" ಎಂದ. ಮಾದೇಶ ಬಾಯಿಬಡುಕ, ಮನಸ್ಸು ಒಳ್ಳೆಯದು.

ಕೈಗವಸು ಹಾಕಿಕೊಂಡರೆ ಗಂಟನ್ನು ಹಿಡಿಯಲಾಗುವುದಿಲ್ಲ, ಹಾಕಿಕೊಳ್ಳದಿದ್ದರೆ ಬೆರಳು ಮರಗಟ್ಟುತ್ತದೆ. ಕೈಚೀಲಕ್ಕೆ ಹಾಕು ಎಂದೆ. ಚೀಲವನ್ನು ಕಕ್ಕಸಿನ ಮನೆಯ ನೆಲದಲ್ಲಿ ಇಟ್ಟಿದ್ದಳಂತೆ, ಅದು ಆಗದು. ಕೊನೆಗೆ ಕೋಟಿನ ಒಳಗಡೆ, ಎದೆಯ ಹತ್ತಿರ ಇದ್ದ ಜೇಬಿನಲ್ಲಿ ಇಟ್ಟುಕೊಂಡಳು. "ಎದೆ ಮ್ಯಾಲೇ ಇದ್ದಂಗಾಯ್ತು ಬುಡು" ಎಂದಳು. ನನಗೂ ಸರಿ ಎನ್ನಿಸಿತು.

ಹೋಟೆಲಿನಲ್ಲಿ ಕೋಣೆ ಇಲ್ಲ. ಇದ್ದವು, ನಮಗಿಲ್ಲ. ಮಧ್ಯಾಹ್ನ ಕಳೆದ ಮೇಲೆಯೇ ಕೊಡುವುದು, ಅದು ಅವರ ಪದ್ಧತಿ. ನಾನು ಮೇಜಿನ ಹಿಂದಿದ್ದ ಹುಡುಗಿಗೆ ನನಗೆ ಬರುವ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ ಹೇಳಿದೆ: ಒಂದು ಸ್ನಾನ, ಒಂದೇ ಒಂದು ಸ್ನಾನ, ವಯಸ್ಸಾದ ತಾಯಿ, ಪೂಜೆ. ಅವಳು ತುಂಬ ಚೆನ್ನಾಗಿ ನಕ್ಕು, ಗೋಡೆಯ ಗಡಿಯಾರ ತೋರಿಸಿದಳು. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಮುಂದಿನ ಲಾಡ್ಜಿನವನಾಗಿದ್ದರೆ ಮೊದಲು ಒಂದಿಷ್ಟು ಗೊಣಗಿ, ಆಮೇಲೆ ಯಾವುದೋ ಖಾಲಿ ರೂಮಿನ ಬಾಗಿಲು ತೆಗೆದು "ಬ್ಯಾಗ ಮುಗಿಸ್ಕಳಿ" ಎನ್ನುತ್ತಿದ್ದ. ಗೊಣಗುವವನ ಹತ್ತಿರ ಜಗಳ ಆಡಬಹುದು. ನಗುವವರ ಹತ್ತಿರ ಏನು ಮಾಡುವುದು?

ಸಂದೀಪ ಎಲ್ಲರನ್ನೂ ಮತ್ತೆ ಬಸ್ಸಿಗೆ ಹತ್ತಿಸಿದ. ಕೋಣೆ ಸಿಗುವವರೆಗೆ ಊರು ನೋಡೋಣ ಎಂದ. ಎಲ್ಲರೂ ಹೋಟೆಲಿನ ಚಹಾ ಕುಡಿದಿದ್ದರು, ನಮ್ಮ ಕಡೆಯ ಹಾಗೆಯೇ ಹಾಲು ಹಾಕಿದ ಚಹಾ. ಅವ್ವ ಕುಡಿಯದೆ ನನಗೂ ಕುಡಿಯಲು ಮನಸ್ಸು ಬರಲಿಲ್ಲ.

ಪಾರ್ಕು

ಆ ದಿನದಲ್ಲಿ ಅವ್ವ ನಕ್ಕದ್ದು ಇಲ್ಲಿ. ಅದಕ್ಕೇ ಇದನ್ನು ಬರೆಯುವುದು ಕಷ್ಟ.

ಊರ ನಡುವೆ ದೊಡ್ಡ ಪಾರ್ಕು, ಅದರ ಮಧ್ಯೆ ಹಳದಿ, ಹಸಿರು ಬಣ್ಣ ಬಳಿದ ಮರದ ಚರ್ಚು. ಮುದುಕಿಯರು ಆ ಚಳಿಯಲ್ಲೂ ಬೆಂಚಿನ ಮೇಲೆ ಸಾಲಾಗಿ ಕೂತು ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದರು. ತಾಯಂದಿರು ಮಕ್ಕಳನ್ನು ಚಕ್ರವಿಲ್ಲದ ಪುಟ್ಟ ಗಾಡಿಗಳಲ್ಲಿ ಕೂರಿಸಿ ಹಗ್ಗದಲ್ಲಿ ಎಳೆಯುತ್ತಿದ್ದರು. ಒಬ್ಬ ಆಸಾಮಿ ಐಸ್‌ಕ್ರೀಮು ತಿನ್ನುತ್ತ ಹೋಗುತ್ತಿದ್ದ, ದೇವರಾಣೆ. ನೆಲದ ಮೇಲೆ ಮೊಣಕಾಲೆತ್ತರಕ್ಕೆ, ಬೆಂಚು, ಮರದ ಕೊಂಬೆಗಳ ಮೇಲೂ ಬೆಳ್ಳಗೆ ಬಿದ್ದಿತ್ತು. ಇನ್ನೂ ಬೀಳುತ್ತಿತ್ತು.

ಅವ್ವ ಬಸ್ಸಿನ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಕಾಲ್ಮೆಟ್ಟು ಕಳಚಬೇಕೇನೋ ಎಂದು ಕೇಳಿದಳು. ಬೇಡ ಎಂದೆ. ನನ್ನ ತೋಳು ಹಿಡಿದು ಮೆಲ್ಲಗೆ ಇಳಿದು, ಜನ ತುಳಿಯದ ಒಂದು ಮೂಲೆಗೆ ಹೋದಳು. ಎರಡೂ ಕೈಗವಸು ಕಿತ್ತು ನನ್ನ ಕೈಗೆ ಕೊಟ್ಟಳು. ಬೊಗಸೆ ತುಂಬ ಹಿಮ ಎತ್ತಿ ಕಣ್ಣಿಗೆ ಒತ್ತಿಕೊಂಡಳು.

"ಎಷ್ಟ್ ಅಗುರಾಗದೆ ನೋಡ್ಲಾ ಮಲ್ಲೇಸ" ಎಂದಳು. "ಬತ್ತದ್ ಅಳ್ಳಿನಂಗೆ ಅದೆ."

ಆಮೇಲೆ ಮಂಡಿಯೂರಿ, ಕೈ ಮುಂದೆ ಚಾಚಿ, ಹಣೆ ಹಿಮಕ್ಕೆ ತಾಗುವ ಹಾಗೆ ಅಡ್ಡಬಿದ್ದಳು. ಒಂದು ಸಲವಲ್ಲ. ಎದ್ದು, ಎರಡು ಹೆಜ್ಜೆ ಸರಿದು, ಮತ್ತೆ. ಕೋಟಿನ ಜಿಪ್ಪು ಅವಳಿಗೆ ಹಾಕಲು ಬಂದಿರಲಿಲ್ಲ, ಎರಡು ಪಕ್ಕಗಳೂ ರೆಕ್ಕೆಯಂತೆ ನೆಲಕ್ಕೆ ಹಾಸಿಕೊಂಡಿದ್ದವು. ಬೆಂಚಿನ ಮುದುಕಿಯರು ಕಾಳು ಹಾಕುವುದನ್ನು ನಿಲ್ಲಿಸಿ ನೋಡಿದರು. ಮಾದೇಶ ಫೋನಿನಲ್ಲಿ ಫೋಟೋ ಹೊಡೆದ. ಅವ್ವ ಎದ್ದಾಗ ಹಣೆಯ ತುಂಬ ಹಿಮ ಮೆತ್ತಿತ್ತು, ಅದನ್ನು ಒರೆಸಲು ಬಿಡಲಿಲ್ಲ, ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದಳು. ನಾನು ಬದುಕಿನಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸ ಇದು ಎಂದುಕೊಂಡೆ. ನಿಜವಾಗಿಯೂ ಹಾಗೆ ಅಂದುಕೊಂಡೆ.

ಕೋಟು ಬಿಚ್ಚಿಸುವ ಮನೆ

ಮಧ್ಯಾಹ್ನದ ಊಟಕ್ಕೆ ಕರೆದುಕೊಂಡು ಹೋದ ಕಡೆ ಬಾಗಿಲಿನ ಪಕ್ಕದಲ್ಲೇ ಒಂದು ಕಟಕಟೆ. ಹಿಂದೆ ಸಾಲು ಸಾಲು ಗೂಟ. ಆ ಊರಿನವರು ಕೋಟು ಹಾಕಿಕೊಂಡು ಊಟದ ಮನೆಗೆ ಕಾಲಿಡುವುದಿಲ್ಲ. ನಮ್ಮಲ್ಲಿ ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆಗೆ ಹೋದರೆ ಹೇಗೋ ಅವರಿಗದು ಹಾಗೆ. ಕೋಟು ಕೊಟ್ಟರೆ ನಂಬರಿನ ಬಿಲ್ಲೆ ಕೊಡುತ್ತಾರೆ. ಅಲ್ಲಿ ನಿಂತಿದ್ದ ಬಿಳಿ ಮೀಸೆಯ ದೊಡ್ಡ ಮನುಷ್ಯ ಹೆಂಗಸರ ಹಿಂದೆ ನಿಂತು, ಭುಜ ಹಿಡಿದು, ತಾನೇ ಕೋಟು ಬಿಚ್ಚಿಕೊಡುತ್ತಿದ್ದ. ಅಲ್ಲಿ ಅದು ಮರ್ಯಾದೆ. ಅವ್ವನ ಭುಜಕ್ಕೆ ಅವನ ಕೈ ಬಿದ್ದದ್ದೇ ತಡ, ಅವಳು ಕುಗ್ಗಿ ಹೋದಳು. ಅಪ್ಪ ಹೋದ ಮೇಲೆ ಬೇರೆ ಗಂಡಸು ಅವಳ ಮೈ ಮುಟ್ಟಿದ್ದೇ ಇಲ್ಲ. ಆದರೆ ಅವಳು ಬೆಚ್ಚಿದ್ದು ಅದಕ್ಕಲ್ಲ ಎಂದು ಮರುಕ್ಷಣವೇ ತಿಳಿಯಿತು. ಕೋಟಿನ ಒಳಗೆ ಕೈ ಹಾಕಿ ತಡಕುತ್ತಿದ್ದಳು. ಆ ಪಕ್ಕ ತಡಕಿದಳು, ಈ ಪಕ್ಕ ತಡಕಿದಳು.

"ಮಗ. ಇಲ್ಲ."

"ಏನಿಲ್ಲ?"

ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು.

ನಾನು ಕೋಟು ಕಿತ್ತುಕೊಂಡು ಕೊಡವಿದೆ. ಒಳಜೇಬು ಎಷ್ಟು ಮೋಟಾಗಿತ್ತೆಂದರೆ ನನ್ನ ನಾಲ್ಕು ಬೆರಳೂ ಪೂರ್ತಿ ಇಳಿಯಲಿಲ್ಲ. ತೂತು ಗೀತು ಇದೆಯೇ ಎಂದು ಅಸ್ತರನ್ನೆಲ್ಲ ಹಿಸುಕಿದೆ. ಎಲ್ಲ ಕೋಟುಗಳೂ ಒಂದೇ ಥರ ಇದ್ದುದರಿಂದ ಅದಲುಬದಲಾಗಿರಬಹುದು ಎಂದು ಮಾದೇಶ ಹೇಳಿದ. ಆ ಮೀಸೆಯವನಿಗೆ ಸನ್ನೆಯಲ್ಲಿ ಹೇಳಿದೆವು. ಪಾಪ, ಅವನು ನಮ್ಮವರ ಕೋಟುಗಳನ್ನೆಲ್ಲ ಗೂಟದಿಂದ ಇಳಿಸಿ, ಒಂದೊಂದರ ಜೇಬನ್ನೂ ತಿರುವಿ ತೋರಿಸಿದ. ಅಡಿಕೆ ಪುಡಿಯ ಪೊಟ್ಟಣ ಸಿಕ್ಕಿತು, ಮಾತ್ರೆ ಸಿಕ್ಕಿತು, ಯಾರದೋ ಹಲ್ಲುಕಡ್ಡಿ ಸಿಕ್ಕಿತು. ಬಸ್ಸಿಗೆ ಓಡಿ ಸೀಟಿನ ಕೆಳಗೆಲ್ಲ ತೆವಳಿ ಬಂದೆ. ಅಲ್ಲೂ ಇರಲಿಲ್ಲ.

ಆಗ ನನಗೆ ಹೊಳೆಯಿತು. ಅವ್ವನಿಗೆ ನನಗಿಂತ ಮೊದಲೇ ಹೊಳೆದಿತ್ತು.

"ಅಡ್ಡಬಿದ್ನಲ್ಲ ಮಗ" ಎಂದಳು. "ಅಡ್ಡಬಿದ್ನಲ್ಲ, ಅಲ್ಲೇ ಜಾರ್ಕಂಡದೆ."

ಒಳಗೆ ಮೇಜಿನ ಮೇಲೆ ಸಸ್ಯಾಹಾರಿಗಳಿಗೆಂದು ಬೇಯಿಸಿದ ಆಲೂಗೆಡ್ಡೆ ಹೊಗೆಯಾಡುತ್ತಿತ್ತು. ಸಕ್ಕರೆ ಇಳಿದುಹೋಗುತ್ತದೆ, ಒಂದು ಚೂರು ತಿಂದುಕೊಂಡು ಹೊರಡೋಣ ಎಂದು ನಾನು ಅವ್ವನ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಂಡಳು. ನನಗೆ ಸಿಟ್ಟು ಬಂತು, ಅಳುವೂ ಬಂತು, ಯಾವುದನ್ನು ತೋರಿಸಬೇಕೆಂದು ತಿಳಿಯದೆ ಸಂದೀಪನ ಮೇಲೆ ಕೂಗಾಡಿದೆ. ಅವನೇನು ಮಾಡಿದ್ದ? ತಣ್ಣಗೆ ಒಂದು ಟ್ಯಾಕ್ಸಿ ಕರೆದುಕೊಟ್ಟ.

ಮತ್ತೆ ಪಾರ್ಕು

ಅವ್ವ, ನಾನು, ಮಾದೇಶ ಹೋದೆವು. ಮಾದೇಶನೂ ಊಟ ಬಿಟ್ಟು ಬಂದಿದ್ದ.

ಅದೇ ಪಾರ್ಕು, ಅದೇ ಚರ್ಚು, ಪಾರಿವಾಳಗಳೂ ಇದ್ದವು. ಅವ್ವ ಅಡ್ಡಬಿದ್ದ ಮೂಲೆ ಮಾತ್ರ ಇರಲಿಲ್ಲ. ಮೊಣಕಾಲೆತ್ತರದ ಹಿಮ ಇದ್ದ ಕಡೆ ಈಗ ಕಪ್ಪು ಕಲ್ಲಿನ ನೆಲ ಒದ್ದೆಯಾಗಿ ಹೊಳೆಯುತ್ತಿತ್ತು. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಕೆಲಸಗಾರರು ಸಲಿಕೆಯಲ್ಲಿ ಅಂಚುಗಳನ್ನು ಕೆರೆಯುತ್ತಿದ್ದರು. ಮುಂದುಗಡೆ ಹಲಗೆ ಕಟ್ಟಿದ ಟ್ರ್ಯಾಕ್ಟರೊಂದು ಆ ಕಡೆಯ ದಾರಿಯನ್ನು ಗೋರುತ್ತ ಹೋಗುತ್ತಿತ್ತು. ನಮ್ಮೂರಿನಲ್ಲಿ ಚರಂಡಿಯ ಹೂಳು ತೆಗೆದರೆ ಅದು ಮುಂದಿನ ಮಳೆಯವರೆಗೂ ಪಕ್ಕದಲ್ಲೇ ಬಿದ್ದಿರುತ್ತದೆ. ಅದಕ್ಕೆ ನಾನು ಪಂಚಾಯಿತಿಯವರನ್ನು ಎಷ್ಟು ಸಲ ಬೈದಿದ್ದೇನೋ. ಆ ಹೊತ್ತು ಅಲ್ಲಿ ನಿಂತು, ಇವರೂ ನಮ್ಮವರಷ್ಟೇ ಸೋಮಾರಿಗಳಾಗಿರಬಾರದಿತ್ತೇ ಎಂದು ಹೊಟ್ಟೆ ಉರಿದುಹೋಯಿತು.

ಮಾದೇಶ ಬೆಳಗ್ಗೆ ಹೊಡೆದ ಫೋಟೋ ತೆಗೆದು ಜಾಗ ಗುರುತು ಮಾಡಿದ. ಆ ದೀಪದ ಕಂಬ, ಈ ಬೆಂಚು, ಇವೆರಡರ ನಡುವೆ. ನಾವು ಮೂವರೂ ಅಲ್ಲಿ ಬಗ್ಗಿ ಹುಡುಕಿದೆವು. ಬೆಂಚಿನ ಕೆಳಗೆ ಸ್ವಲ್ಪ ಹಿಮ ಉಳಿದಿತ್ತು, ಅದನ್ನು ಬರಿಗೈಯಲ್ಲಿ ಬಗೆದೆ. ಉಗುರಿನ ಸಂದಿಯಲ್ಲಿ ರಕ್ತ ಬಂದದ್ದು ನನಗೆ ಆಮೇಲೆ ಗೊತ್ತಾಯಿತು.

ಮಾದೇಶ ಫೋನಿಗೆ ಕನ್ನಡದಲ್ಲಿ ಹೇಳಿದರೆ ಅದು ಅವರ ಭಾಷೆಯಲ್ಲಿ ಹೇಳುತ್ತಿತ್ತು. ಅವನು ಒಬ್ಬ ಕೆಲಸಗಾರನ ಮುಂದೆ ಫೋನು ಹಿಡಿದು, "ಇಲ್ಲಿ ನಮ್ಮ ತಾಯಿಯ ದೇವರು ಕಳೆದುಹೋಗಿದೆ" ಎಂದ. ಫೋನಿನಿಂದ ಹೆಣ್ಣುದನಿಯೊಂದು ಏನೋ ಹೇಳಿತು. ಆ ಮನುಷ್ಯ ಸಲಿಕೆ ಊರಿ ನಿಂತು, ಬಹಳ ಹೊತ್ತು ಅವ್ವನನ್ನು ನೋಡಿದ. ಆಮೇಲೆ ಫೋನಿಗೆ ಬಾಯಿ ಕೊಟ್ಟು ಕೇಳಿದ, ಅದು ನಮಗೆ ಕನ್ನಡದಲ್ಲಿ ಹೇಳಿತು: "ನಿಮ್ಮ ದೇವರು ಎಷ್ಟು ದೊಡ್ಡದಿದೆ?"

ಮಾದೇಶ ಹೆಬ್ಬೆರಳು ತೋರುಬೆರಳು ಸೇರಿಸಿ, ನೆಲ್ಲಿಕಾಯಿಯಷ್ಟು ಎಂದು ತೋರಿಸಿದ.

ಅವನು ನಗಲಿಲ್ಲ. ನಕ್ಕಿದ್ದರೂ ಚೆನ್ನಾಗಿತ್ತು. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ರಸ್ತೆಯ ಕಡೆ ತೋರಿಸಿದ. ಲಾರಿಗಳಿಗೆ ತುಂಬಿಸಿ ಊರ ಹೊರಗೆ ಒಯ್ಯುತ್ತಾರಂತೆ, ಅಲ್ಲಿ ಗುಡ್ಡ ಹಾಕುತ್ತಾರಂತೆ, ಇಡೀ ಊರಿನದು. ಬಿಸಿಲು ಬಂದ ಮೇಲೆ ಅದೆಲ್ಲ ಕರಗಿ ಹೊಳೆಗೆ ಸೇರುತ್ತದಂತೆ. ಅಲ್ಲಿಗೆ ಹೋಗುತ್ತೇವೆ ಎಂದೆ. ಬೇಲಿ ಇದೆ, ಬಿಡುವುದಿಲ್ಲ, ಬಿಟ್ಟರೂ ಆ ಗುಡ್ಡದಲ್ಲಿ ಸಿಗುವುದಿಲ್ಲ ಎಂದ. ಆದರೂ ಹೋದೆವು. ಟ್ಯಾಕ್ಸಿಯವನು ಬೇಲಿಯ ಪಕ್ಕದಲ್ಲಿ ನಿಲ್ಲಿಸಿದ. ನಾನು ಆ ಗುಡ್ಡವನ್ನು ವರ್ಣಿಸಲಾರೆ. ಮಣ್ಣು, ಪ್ಲಾಸ್ಟಿಕ್ಕು, ಮರದ ಕೊಂಬೆ ಎಲ್ಲ ಸೇರಿ ಬೂದಿ ಬಣ್ಣಕ್ಕೆ ತಿರುಗಿದ ಹಿಮ, ಎರಡು ಮಾಳಿಗೆಯ ಮನೆಯ ಎತ್ತರಕ್ಕೆ. ನೋಡುತ್ತಿದ್ದ ಹಾಗೆಯೇ ಇನ್ನೊಂದು ಲಾರಿ ಬಂದು ಸುರಿಯಿತು.

ಅವ್ವ ಕಾರಿನ ಗಾಜಿನಿಂದಲೇ ನೋಡಿದಳು. ಇಳಿಯಲಿಲ್ಲ. ಮಾದೇಶನಿಗೆ ಏನಾದರೂ ಹೇಳಿ ಸಮಾಧಾನ ಮಾಡಬೇಕೆನಿಸಿತು, ಪಾಪ.

"ದೊಡ್ಡವ್ವ, ನೀವ್ ಬ್ಯಾಸರ ಮಾಡ್ಕಬೇಡಿ. ಸಿವ ಐಸಲ್ಲೇ ತಾನೇ ಇರದು? ಅವನ ತಾವ್ಕೆ ಅವನು ಓದ ಅನ್ಕಳಿ."

"ಅವನ್ ಓದ ಕಣಪ್ಪ" ಎಂದಳು ಅವ್ವ. "ನನ್ನ ಬುಟ್ಟು ಓದ."

ಹೋಟೆಲಿಗೆ ವಾಪಸ್ಸು ಹೋಗುವಾಗ ಕಿಟಕಿಯಾಚೆ ಅಂಗಡಿಗಳ ದೀಪ ಹತ್ತುತ್ತಿದ್ದವು. ಅಲ್ಲಿ ಸಂಜೆಯಾಗಲು ಬಹಳ ಹೊತ್ತು ಬೇಕಿಲ್ಲ.

ಕೋಣೆ

ಕೋಣೆ ಸಿಕ್ಕಿತು. ಬೆಚ್ಚಗಿತ್ತು, ನಲ್ಲಿ ತಿರುಗಿಸಿದರೆ ಕುದಿಯುವ ನೀರು. ಬೆಳಗ್ಗೆ ಒಂದು ಬಕೆಟ್ಟಿನಷ್ಟು ಕೊಟ್ಟಿದ್ದರೆ ಸಾಕಾಗಿತ್ತು.

ತೆರಕಣಾಂಬಿಯ ನಮ್ಮ ಮಠದ ಅಯ್ಯನವರಿಗೆ ಫೋನು ಮಾಡಿದೆ. ಅಷ್ಟು ದೂರ ಹೋಗಿದ್ದರೂ ಅಲ್ಲಿಗೂ ಇಲ್ಲಿಗೂ ಅರ್ಧ ಗಂಟೆಯದೇ ವ್ಯತ್ಯಾಸ. ಹಿಂದೆ ಬಸ್ಸಿನ ಹಾರನ್ನು, ಯಾರೋ ಯಾರನ್ನೋ ಕೂಗುವುದು, ಎಲ್ಲ ಕೇಳಿಸುತ್ತಿತ್ತು. ಅಯ್ಯನವರು ಪೂರ್ತಿ ಕೇಳಿಸಿಕೊಂಡು ಅವ್ವನಿಗೆ ಕೊಡು ಎಂದರು. ನಾನು ಸ್ಪೀಕರ್ ಹಾಕಿದೆ.

"ಗಾಬ್ರಿ ಆಗ್ಬೇಡಿ ತಾಯಿ. ಊರ್ಗೆ ಬನ್ನಿ, ಬೇರೆ ಲಿಂಗ ಕಟ್ಟನ. ಅಲ್ಲೀಗಂಟ ಅಂಗೈಗೆ ವಿಭೂತಿ ಹಚ್ಕಳಿ, ಅಂಗೈಯನ್ನೇ ಲಿಂಗ ಅನ್ಕಂಡು ಪೂಜೆ ಮಾಡಿ, ಪ್ರಸಾದ ತಕಳಿ. ದೋಸ ಇಲ್ಲ, ನಾನ್ ಏಳ್ತಾ ಇದೀನಿ."

"ಆಯ್ತು ಬುದ್ಧಿ" ಎಂದಳು ಅವ್ವ.

ನನಗೆ ಅರ್ಧ ಜೀವ ಬಂದ ಹಾಗಾಯಿತು. ಅವ್ವ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಕಂಬಳಿ ಹಾಸಿದ ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕೂತಳು. ವಿಭೂತಿಯ ಉಂಡೆ ತೆಗೆದಳು. ಎಡಗೈ ಮುಂದಕ್ಕೆ ಚಾಚಿದಳು. ದಿನಾ ಲಿಂಗ ಇಡುವಾಗ ಬೆರಳುಗಳನ್ನು ಸ್ವಲ್ಪ ಮಡಿಸಿ ಅಂಗೈಯಲ್ಲಿ ಒಂದು ಗುಳಿ ಮಾಡಿಕೊಳ್ಳುತ್ತಿದ್ದಳು, ಹಾಗೇ ಮಾಡಿಕೊಂಡಳು. ಅಷ್ಟು ವರ್ಷ ಇಟ್ಟೂ ಇಟ್ಟೂ ಅಲ್ಲಿ ಚರ್ಮ ನುಣುಪಾಗಿ ಬೆಳ್ಳಗಾಗಿತ್ತು. ಆ ಗುಳಿಯನ್ನೇ ನೋಡುತ್ತ ಕೂತಳು. ವಿಭೂತಿ ಹಿಡಿದ ಬಲಗೈ ಅದರ ಹತ್ತಿರಕ್ಕೆ ಬಂದು ನಿಂತಿತು, ಮುಂದೆ ಹೋಗಲಿಲ್ಲ.

"ಹಚ್ಚವ್ವ. ಅಯ್ನೋರು ಹೇಳಿದ್ರಲ್ಲ."

"ಯಾತಕ್ ಅಚ್ಚನ್ಲಾ?"

ವಿಭೂತಿಯನ್ನು ವಾಪಸ್ಸು ಡಬ್ಬಿಗೆ ಹಾಕಿದಳು. ನನ್ನ ಕಡೆ ನೋಡದೆ ಕೇಳಿದಳು.

"ನಿಮ್ಮಪ್ಪನ ಕೈಗೆ ಲಿಂಗ ಇಕ್ಕಿದ್ದು ನೀನೇ ಅಲ್ವಾ?"

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂತ ಭಂಗಿಯಲ್ಲಿ ಗುಣಿಗೆ ಇಳಿಸಿ, ಎಡ ಅಂಗೈಯಲ್ಲಿ ಅವರದೇ ಲಿಂಗ ಇಟ್ಟು ಮಣ್ಣು ಮುಚ್ಚುತ್ತೇವೆ. ಹುಟ್ಟಿದಾಗ ಕಟ್ಟಿದ್ದು ಹೋಗುವಾಗ ಜೊತೆಗಿರುತ್ತದೆ. ಅಪ್ಪನಿಗೆ ಇಟ್ಟವನು ನಾನೇ.

"ಊಂ" ಎಂದೆ.

"ನನ್ನ ಬರಿಗೈಲಿ ಕೂರ್ಸ್ಬೇಕಾಯ್ತದೆ ಮಗ."

"ಬೇರೆ ಕಟ್ತಾರಲ್ಲವ್ವ."

"ಕಟ್ತಾರೆ. ಅದಕ್ ನಾನ್ ಯಾರು ಅಂತ ಗೊತ್ತಾ?"

ನಾನು ಚೀಲದಿಂದ ಬುತ್ತಿ ತೆಗೆದೆ. ಹೆಂಡತಿ ಕಟ್ಟಿದ್ದ ಚಪಾತಿ, ಹುಚ್ಚೆಳ್ಳು ಪುಡಿ. ಚಪಾತಿ ಚಳಿಗೆ ಸೆಟೆದುಕೊಂಡಿತ್ತು. ಕೆಟಲಿನ ಹಬೆಗೆ ಹಿಡಿದು ಮೆತ್ತಗೆ ಮಾಡಿ, ಅವ್ವನ ಮುಂದಿಟ್ಟೆ. ಬೇಡಿಕೊಂಡೆ. ಮೊಮ್ಮಕ್ಕಳ ಹೆಸರು ಹೇಳಿದೆ. ಸಕ್ಕರೆ ಮಾತ್ರೆ ತೋರಿಸಿ ಹೆದರಿಸಿದೆ. ಈ ಊರಿನಲ್ಲಿ ನಿನಗೆ ಏನಾದರೂ ಆದರೆ ನಾನು ಯಾರ ಬಾಗಿಲು ತಟ್ಟಲಿ ಎಂದು ಕೂಗಿದೆ. ಅವಳು ಗೋಡೆ ನೋಡುತ್ತ ಕೂತೇ ಇದ್ದಳು. ಅವಳ ತುಟಿ ಒಣಗಿ ಬಿರಿದಿತ್ತು. ಕೊನೆಗೆ ನನ್ನ ಹತ್ತಿರ ಒಂದೇ ಒಂದು ಬಾಣ ಉಳಿದಿತ್ತು, ಅದನ್ನೂ ಬಿಟ್ಟೆ.

"ಸರಿ, ನಾನೂ ಉಣ್ಣಕಿಲ್ಲ. ನೀನ್ ಉಣ್ಣಗಂಟ ನಂಗೂ ನೀರು ಬ್ಯಾಡ. ಇಬ್ರೂ ಇಲ್ಲೇ ಹೋಗನ."

ಹಾಗೆಂದು ಎದ್ದು ನಿಲ್ಲಲು ಹೋದೆ. ಬೆಳಗಿನಿಂದ ಹೊಟ್ಟೆಗಿಲ್ಲ, ಬಿ.ಪಿ. ಮಾತ್ರೆಯನ್ನೂ ನುಂಗಿರಲಿಲ್ಲ. ಕೋಣೆ ತಿರುಗಿತು. ಮಂಚದ ಅಂಚು ಹಿಡಿದು, ಹಾಗೇ ನೆಲಕ್ಕೆ ಕುಸಿದು ಕೂತೆ.

ಅವ್ವ ಈ ಕಡೆ ತಿರುಗಿದಳು. ಬೆಳಗಿನಿಂದ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದಳು, ಬಗೆದೂ ಬಗೆದೂ ಕಿತ್ತುಹೋಗಿದ್ದ ನನ್ನ ಬೆರಳು ನೋಡಿದಳು. ಮಂಡಿಯ ಮೇಲೆ ತೆವಳಿಕೊಂಡು ಹತ್ತಿರ ಬಂದಳು. ಚಪಾತಿಯ ಪೊಟ್ಟಣವನ್ನು ಎಳೆದುಕೊಂಡು ನಮ್ಮಿಬ್ಬರ ನಡುವೆ ಇಟ್ಟಳು. ಒಂದನ್ನು ಎತ್ತಿ ನನ್ನ ಕೈಯಲ್ಲಿಟ್ಟಳು, ಇನ್ನೊಂದನ್ನು ಮುರಿದು, ಪುಡಿ ಹಚ್ಚಿ, ತನ್ನ ಬಾಯಿಗೆ ಹಾಕಿಕೊಂಡಳು.

ಗೆದ್ದೆ ಎಂದುಕೊಂಡೆ. ಆ ಒಂದು ಗಳಿಗೆ ನಿಜವಾಗಿ ಖುಷಿಯಾಯಿತು.

"ಉಣ್ಣು ಮಗ" ಎಂದಳು, ಅಗಿಯುತ್ತಲೇ. "ನಾನ್ ಆಗ್ಲೇ ಓದೆ ಅನ್ಕೊ. ಸಾವಿನ್ ಮನೇಲೂವೆ ಮಕ್ಕಳಿಗೆ ಉಣ್ಣಕ್ ಇಕ್ತಾರೆ."

ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇರಲಿಲ್ಲ. ತುತ್ತು ನುಂಗಿ ಇನ್ನೊಂದು ಮುರಿದಳು. ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಬೆಳಗಿನಿಂದ ಅವಳು ಒಂದು ತುತ್ತು ಉಂಡರೆ ಸಾಕು ಎಂದು ಕಂಡಕಂಡವರನ್ನೆಲ್ಲ ಬೇಡಿದವನು ನಾನು. ಅವಳು ಉಣ್ಣುವುದನ್ನು ನೋಡಲಾಗದೆ, ಗೋಡೆಯ ಕಡೆ ತಿರುಗಿ ನನ್ನ ಪಾಲಿನದನ್ನು ಉಂಡೆ.